ಕೊನೆಯ ಮರಿ ದಾಟುವವರೆಗೆ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ರಜೆಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಕಾರಿನಲ್ಲೇ ಹೊರಟಿದ್ದೀರಂತೆ, ಅರ್ಧ ದಿನ ಕಾಡಿನ ದಾರಿಯಂತೆ. ನಿನ್ನಮ್ಮ ಹೇಳಿದಾಗ ಸಂತೋಷವಾಯಿತು. ಫೋನಿನಲ್ಲಿ ಹೇಳಿದ್ದು ಗದ್ದಲದಲ್ಲಿ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನಿಂದಾದ ತಪ್ಪನ್ನೇ ಹೇಳುತ್ತೇನೆ. ನನ್ನ ಮಕ್ಕಳಿಗೆ ಆಗ ಆರು ಮತ್ತು ನಾಲ್ಕು ವರ್ಷ. ಮುಸ್ಸಂಜೆಯಲ್ಲಿ ಒಂದು ತಿರುವು ದಾಟಿದರೆ ಎದುರಿಗೆ ಆನೆಗಳ ಹಿಂಡು. ದೂರದಲ್ಲೇ ಗಾಡಿ ನಿಲ್ಲಿಸಿದೆ. ಐದು ಆನೆಗಳು ದಾಟಿದವು, ರಸ್ತೆ ಖಾಲಿಯಾಯಿತು. ಕತ್ತಲಾಗುವ ಮೊದಲು ಊರು ಸೇರುವ ಅವಸರ ನನಗೆ. ಹಿಂದಿನಿಂದ ಮಗಳು, "ಅಪ್ಪಾ, ಇನ್ನೊಂದಿದೆ" ಅಂದಳು. ಸುಮ್ಮನಿರು ಎಂದು ಗದರಿ ಮುಂದೆ ಹೋದೆ. ಪೊದೆಯ ಮರೆಯಲ್ಲಿ ನಿಜವಾಗಿಯೂ ಒಂದು ಮರಿ ಈಚೆಯೇ ಉಳಿದಿತ್ತು. ತಾಯಿಗೂ ಮರಿಗೂ ನಡುವೆ ನಾನು ಗಾಡಿ ತಂದು ನಿಲ್ಲಿಸಿದಂತಾಯಿತು. ದಾಟಿ ಹೋಗಿದ್ದ ಹೆಣ್ಣಾನೆ ಕಿವಿ ಅಗಲಿಸಿ, ಘೀಳಿಟ್ಟು ತಿರುಗಿ ಬಂತು. ಹಿಂದೆ ಬೇರೆ ಗಾಡಿ ಇರಲಿಲ್ಲ, ರಿವರ್ಸ್ ತೆಗೆದುಕೊಂಡು ಬದುಕಿದೆವು. ಚಿಕ್ಕವನು ಆ ರಾತ್ರಿಯೆಲ್ಲ ನನ್ನ ಅಂಗಿ ಹಿಡಿದೇ ಮಲಗಿದ. ಆ ಆನೆಯದು ಎಳ್ಳಷ್ಟೂ ತಪ್ಪಿರಲಿಲ್ಲ.

ಸುಮಾರು 22 ತಿಂಗಳು ಹೊಟ್ಟೆಯಲ್ಲಿ ಹೊತ್ತು ಹೆರುವ ಪ್ರಾಣಿ ಅದು. ಮರಿಯ ವಿಷಯದಲ್ಲಿ ಅದಕ್ಕೆ ಸಹನೆ ಇರಲೆಂದು ನಾವು ಬಯಸುವುದೇ ತಪ್ಪು. ಹಿಂಡಿನ ದೊಡ್ಡವು ದಾಟಿದವೆಂದರೆ ಎಲ್ಲವೂ ದಾಟಿದವು ಎಂದಲ್ಲ. ರಸ್ತೆ ಖಾಲಿ ಕಂಡ ಮೇಲೂ ಕಾಯಿರಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಹಿಂದೆ ಸರಿಯಲು ಜಾಗ ಇರಲಿ. ಹಾರ್ನ್ ಬೇಡ, ಲೈಟು ಮಿನುಗಿಸುವುದು ಬೇಡ, ಫೋಟೋಗೆಂದು ಬಾಗಿಲು ತೆರೆಯುವುದಂತೂ ಬೇಡವೇ ಬೇಡ.

ನನ್ನನ್ನು ಕೆಡಿಸಿದ್ದು ಅವಸರ. ಅದಕ್ಕೇ ಹೊರಡುವ ಮೊದಲೇ ದಿನದ ದೂರವನ್ನು ಕಡಿಮೆ ಮಾಡಿಕೊಳ್ಳಿ. ಮಕ್ಕಳಿದ್ದ ಮೇಲೆ ಹೇಗೂ ಅಲ್ಲಲ್ಲಿ ನಿಲ್ಲಲೇಬೇಕು. ಎಷ್ಟೋ ಪ್ರಾಣಿಗಳ ಓಡಾಟ ಹೆಚ್ಚುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ನೀವು ಕಾಡಿನ ರಸ್ತೆಯಲ್ಲಿ ಇರದಂತೆ ನೋಡಿಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಜಿಂಕೆ ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಕತ್ತಲಾದರೆ ರಸ್ತೆಯ ಅಂಚಿನಲ್ಲಿ ಹೊಳೆಯುವ ಎರಡು ಚುಕ್ಕಿಗಳನ್ನು ಹುಡುಕುತ್ತಿರಿ: ಇಂಥ ಪ್ರಾಣಿಗಳ ಕಣ್ಣೊಳಗೆ ಬೆಳಕನ್ನು ಹಿಂದಕ್ಕೆ ತಿರುಗಿಸುವ ಪದರವೊಂದಿದೆ, ಮೈ ಕಾಣುವ ಮೊದಲೇ ಕಣ್ಣು ಕಾಣುತ್ತದೆ. ಒಂದು ಜಿಂಕೆ ಹಾರಿದರೆ ಹಿಂದೆಯೇ ಇನ್ನೊಂದು ಬರುತ್ತದೆ ಎಂದೇ ತಿಳಿಯಿರಿ. ಅಳಿಯಂದಿರಿಗೆ ಹೇಳು, ಅಡ್ಡ ಬಂದಾಗ ಸ್ಟೀರಿಂಗ್ ಗಕ್ಕನೆ ಎಳೆಯಬಾರದು. ತಮ್ಮ ಸಾಲಿನಲ್ಲೇ ನೇರವಾಗಿ ಬ್ರೇಕ್ ಒತ್ತಲಿ. ಮರಕ್ಕೋ ಎದುರು ಬರುವ ಲಾರಿಗೋ ಬಡಿದರೆ ಒಳಗಿರುವವರು ಉಳಿಯುವುದು ಕಷ್ಟ. ಚಿಕ್ಕದು ಅತ್ತಿತೆಂದು ತೊಡೆಯ ಮೇಲೆ ಕೂರಿಸಿಕೊಳ್ಳಬೇಡ, ಪುಟ್ಟಿ. ಜೋರಾಗಿ ಬ್ರೇಕ್ ಹಾಕಿದಾಗ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಬಲ ಸಾಲದು. ಗಾಡಿ ನಿಲ್ಲಿಸಿ ಸಮಾಧಾನ ಮಾಡು, ಮತ್ತೆ ಅದರ ಸೀಟಿನಲ್ಲೇ ಕಟ್ಟು.

ಕೋತಿಗಳ ಬಗ್ಗೆ ಜನಕ್ಕೆ ಭಯವಿಲ್ಲ, ನನಗಿದೆ. ಕೋತಿ ಹಲ್ಲು ಕಿರಿದರೆ ಮಕ್ಕಳು ಅದು ನಗುತ್ತಿದೆ ಅಂದುಕೊಂಡು ಹತ್ತಿರ ಹೋಗುತ್ತವೆ. ಅದು ನಗುವಲ್ಲ, ಹೆದರಿಕೆ ಇಲ್ಲವೇ ಬೆದರಿಕೆ. ಗ್ಲಾಸು ಏರಿಸಿರಲಿ, ಮಕ್ಕಳ ಕೈಯಲ್ಲಿ ತಿನಿಸು ಕಾಣದಿರಲಿ. ಕನಿಕರದಿಂದಲೂ ಏನನ್ನೂ ಎಸೆಯಬೇಡಿ. ರಸ್ತೆಯಲ್ಲಿ ತಿನ್ನಲು ಸಿಗುತ್ತದೆಂದು ಕಲಿತ ಪ್ರಾಣಿ ಕಡೆಗೆ ಚಕ್ರದಡಿಗೆ ಬರುತ್ತದೆ. ಕಚ್ಚಿದರೆ, ಬರೀ ಉಗುರು ತರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ. ರೇಬೀಸ್‌ನ ಲಕ್ಷಣ ಶುರುವಾದ ಮೇಲೆ ಜೀವ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಮಕ್ಕಳು ಪ್ರಾಣಿಯನ್ನು ನೋಡುವ ಮೊದಲು ನಿನ್ನ ಮುಖ ನೋಡುತ್ತವೆ. ನೀನು ಕಿರುಚಿದರೆ ಅವೂ ಕಿರುಚುತ್ತವೆ. ಪಿಸುಮಾತಿನ ಆಟವನ್ನು ಮನೆಯಲ್ಲೇ ಎರಡು ದಿನ ಆಡಿಸು. ನಿನ್ನ ದೊಡ್ಡವಳಿಗೆ ಎಣಿಸುವ ಕೆಲಸ ಕೊಡು: ಎಷ್ಟು ದಾಟಿದವು, ಎಷ್ಟು ಉಳಿದಿವೆ. ಅವಳು ಇನ್ನೊಂದಿದೆ ಅಂದರೆ, ನಿಮಗೆ ಕಾಣದಿದ್ದರೂ ಗಾಡಿ ಮುಂದೆ ಹೋಗಕೂಡದು.

ತಲುಪಿದ ಮೇಲೆ ಅವಳ ಕೈಯಲ್ಲೇ ಆ ಲೆಕ್ಕ ಬರೆಸಿ ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ