ಬಿಟ್ಟು ಬಂದ ವಿಶ್ವವಿದ್ಯಾಲಯಕ್ಕೆ ಮೊದಲ ನಮಸ್ಕಾರ

ಇನ್ನು ಕೆಲವೇ ದಿನಗಳಲ್ಲಿ ಇಥಾಕಾದ ಷೋಲ್‌ಕಾಫ್ ಕ್ರೀಡಾಂಗಣದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭ. ಸಸ್ಯವಿಜ್ಞಾನದಲ್ಲಿ ನನಗೂ ಪದವಿ ಸಿಗುತ್ತಿದೆ. ನಾನು ಇಲ್ಲಿ ಓದಿದ್ದು ಕೊನೆಯ ಎರಡು ವರ್ಷ ಮಾತ್ರ. ಮೊದಲೆರಡು ವರ್ಷ ಅಮೆರಿಕದ ಇನ್ನೊಂದು ವಿಶ್ವವಿದ್ಯಾಲಯದಲ್ಲಿದ್ದೆ. ಕೃತಜ್ಞತೆ ಹೇಳಲು ಕುಳಿತರೆ ಮೊದಲು ನೆನಪಾಗುವವರು ಅಲ್ಲಿಯವರೇ. ಬಂದವರನ್ನು ಸೇರಿಸಿಕೊಳ್ಳುವುದು ದೊಡ್ಡ ಉಪಕಾರ, ನಿಜ. ಹೊರಟು ನಿಂತವಳಿಗೆ ದಾರಿ ಮಾಡಿಕೊಟ್ಟವರ ಉಪಕಾರ ಅದಕ್ಕಿಂತ ದೊಡ್ಡದು ಎಂದು ನನಗೆ ಅನಿಸಿದೆ.

ಅಲ್ಲಿ ಸೀಟು ಸಿಗುವುದೇ ದುರ್ಲಭ. ಸಿಕ್ಕ ಸುದ್ದಿ ಬಂದ ದಿನ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಜೀವವಿಜ್ಞಾನದ ಪಾಠಗಳೂ ಚೆನ್ನಾಗಿದ್ದವು. ಎರಡನೆಯ ವರ್ಷದ ಒಂದು ತರಗತಿಯಲ್ಲಿ ಮೇಡಂ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿದ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಬಗ್ಗೆ ಪಾಠ ಮಾಡಿದರು. ನಮ್ಮ ಅಡಿಕೆಗೆ ಬರುವ ಕೊಳೆರೋಗವೂ ಅದೇ ಕುಲದ ಜೀವಿಯಿಂದ ಬರುವುದು. ಆಷಾಢದ ಮಳೆ ಬಿಡದೆ ಹಿಡಿದರೆ ಗೊನೆಯ ಮೇಲೆ ಬಿಳಿ ಬೂಸಲು ಹರಡಿ, ಎಳೆಯ ಕಾಯಿ ರಾಶಿರಾಶಿ ಉದುರುತ್ತದೆ. ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ ಸುಮಾರು ನಲವತ್ತು ದಿನಕ್ಕೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದನ್ನೆಲ್ಲ ಮೇಡಂ ಹತ್ತಿರ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಇಲ್ಲಿ ಸಸ್ಯರೋಗಶಾಸ್ತ್ರದ ವಿಭಾಗವೇ ಇಲ್ಲ. ಕಾರ್ನೆಲ್‌ನಲ್ಲಿ 1907ರಿಂದಲೂ ಇದೆ. ನೀನು ಅಲ್ಲಿರಬೇಕಾದವಳು" ಎಂದರು. ತಮ್ಮ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಗೆ ಆ ಮಾತು ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು! ಶಿಫಾರಸು ಪತ್ರವನ್ನೂ ಅವರೇ ಬರೆದರು. ಮೇಡಂ, ನಿಮಗೆ ನಾನು ಸದಾ ಋಣಿ.

ವರ್ಗಾವಣೆಯ ಅರ್ಜಿಗೆ ಮಾರ್ಚ್ 15 ಕೊನೆಯ ದಿನ. ಪ್ರಬಂಧ, ಅಂಕಪಟ್ಟಿಗಳ ಜೊತೆಗೆ ನಡೆಯುತ್ತಿರುವ ಸೆಮಿಸ್ಟರಿನ ಪ್ರತಿ ವಿಷಯದಲ್ಲಿ ಸದ್ಯಕ್ಕೆ ಎಷ್ಟು ಅಂಕವಿದೆ ಎಂಬ ವರದಿಯನ್ನೂ ಕೊಡಬೇಕು. ಸಾವಯವ ರಸಾಯನಶಾಸ್ತ್ರದ ಉತ್ತರಪತ್ರಿಕೆಗಳ ಮೌಲ್ಯಮಾಪನ ಇನ್ನೂ ಆಗಿರಲಿಲ್ಲ. ಆ ಅಧ್ಯಾಪಕರು ಕಟ್ಟಿನೊಳಗಿನಿಂದ ನನ್ನದನ್ನು ಹುಡುಕಿ ತೆಗೆದು, ನನ್ನನ್ನು ಎದುರಿಗೇ ಕೂರಿಸಿಕೊಂಡು ತಿದ್ದಿ, ಅಂಕ ಬರೆದು ಸಹಿ ಹಾಕಿಕೊಟ್ಟರು. ಯಾಕೆ ಬಿಟ್ಟು ಹೋಗುತ್ತೀಯೆ ಎಂದು ಅವರು ಕೇಳಲೇ ಇಲ್ಲ.

ಪ್ರಬಂಧವನ್ನು ಓದಿದ್ದು ಅಲ್ಲೇ ಪಿಎಚ್‌.ಡಿ. ಮಾಡುತ್ತಿದ್ದ ಹುಬ್ಬಳ್ಳಿಯ ಅಕ್ಕ. ಕಾರ್ನೆಲ್ ಅನ್ನು ಹೊಗಳಿ ಬರೆದಿದ್ದನ್ನೆಲ್ಲ ಹೊಡೆದುಹಾಕಿ, "ನಿಮ್ಮ ತೋಟದಲ್ಲಿ ಏನಾಗುತ್ತದೆಯೋ ಅದನ್ನು ಬರೆ" ಎಂದರು. ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯಂತೂ ನಾನು ಕೇಳದೆಯೇ ನನ್ನ ಹಿತ ನೋಡಿದರು. ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ, ವೀಸಾಕ್ಕೆ ಸಂಬಂಧಿಸಿದ ಸೆವಿಸ್ ದಾಖಲೆ ಹೊಸ ವಿಶ್ವವಿದ್ಯಾಲಯಕ್ಕೆ ಹೋದ ದಿನವೇ ಹಳೆಯ ಕ್ಯಾಂಪಸ್ಸಿನಲ್ಲಿ ದುಡಿಯುವ ಅನುಮತಿ ಮುಗಿಯುತ್ತದೆ. ಬೇಸಿಗೆಯಲ್ಲಿ ನನಗೆ ಪ್ರಯೋಗಾಲಯದ ಸಂಬಳ ಎಷ್ಟು ಅಗತ್ಯ ಎಂಬುದು ಅವರಿಗೆ ಗೊತ್ತಿತ್ತು. ಕೆಲಸ ಮುಗಿದ ಮೇಲಿನ ದಿನಾಂಕವನ್ನೇ ಗೊತ್ತು ಮಾಡಿದರು.

ಊರಿನಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾಗಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಬಿಡುವುದು ಯಾವ ಬುದ್ಧಿ ಎಂದು ದೊಡ್ಡಪ್ಪ ನೊಂದುಕೊಂಡರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಅದಕ್ಕೂ ನನ್ನ ನಮಸ್ಕಾರ. ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕೊಳೆಯ ಬಗ್ಗೆ ಕಲಿಸುತ್ತಾರೆಯೇ?" ಹೌದು ಎಂದೆ. ಮರುದಿನವೇ ಶಿಕ್ಷಣ ಸಾಲದ ಕಡತ ಹಿಡಿದು ಬ್ಯಾಂಕಿಗೆ ಹೋದರು. ಮಂಜೂರಾದ ಸಾಲ ಹಳೆಯ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. ಕಾಗದಪತ್ರಗಳನ್ನೆಲ್ಲ ಹೊಸದಾಗಿ ಮಾಡಿಸಿ, ಮೇಲಿನ ಕಚೇರಿಗೆ ತಾವೇ ಫೋನು ಮಾಡಿ ಒಪ್ಪಿಸಿದ ವ್ಯವಸ್ಥಾಪಕರ ಸಹಾಯವನ್ನು ನಮ್ಮ ಮನೆ ಮರೆಯುವುದಿಲ್ಲ.

ಕಾರ್ನೆಲ್‌ಗೆ ಪ್ರತಿ ವರ್ಷ ನೂರಾರು ಮಂದಿ ಹೀಗೆ ನಡುವೆ ಬಂದು ಸೇರುತ್ತಾರೆ. ಆದರೂ ಮೊದಲ ಚಳಿಗಾಲ ಕಷ್ಟವಾಯಿತು; ಎಲ್ಲರಿಗೂ ಆಗಲೇ ಗೆಳೆಯರಿದ್ದರು. ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ ಹೊರಗಿನಿಂದ ತರಬಹುದಾದದ್ದು ಹೆಚ್ಚೆಂದರೆ 60. ನನ್ನ ಹಳೆಯ ಪಠ್ಯಕ್ರಮಗಳನ್ನು ಒಂದೊಂದಾಗಿ ಓದಿ, ಯಾವುದೂ ವ್ಯರ್ಥವಾಗದ ಹಾಗೆ ಹೊಂದಿಸಿಕೊಟ್ಟವರು ಸಲಹೆಗಾರರಾದ ಪ್ರಾಧ್ಯಾಪಕರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದ್ದರು. ನಿನ್ನ ಸಂಶೋಧನಾ ಪ್ರಬಂಧವನ್ನು ಅಲ್ಲಿಂದಲೇ ಆರಂಭಿಸು ಎಂದವರೂ ಈ ಸಲಹೆಗಾರರೇ. ಅಡಿಕೆ ಮರವನ್ನೇ ಕಂಡಿರದ ಅವರು ಒಂದು ದಿನ ವಿಡಿಯೋ ಕರೆಯಲ್ಲಿ ಅಪ್ಪಯ್ಯನ ಜೊತೆ ಮಾತನಾಡಿದರು. ಅಪ್ಪಯ್ಯ ಕಂಬಳಿಕೊಪ್ಪೆ ಹೊದ್ದು ತೋಟದಲ್ಲಿ ನಿಂತು, ಉದುರಿದ ಕಾಯಿಯನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದಿದ್ದರು. ನಾನು ಇಬ್ಬರ ನಡುವೆ ಅನುವಾದಿಸುತ್ತಿದ್ದೆ. ಮಳೆ ಎಷ್ಟು ದಿನ ಬಿಟ್ಟಿತ್ತು, ಔಷಧಿ ಹೊಡೆದು ಎಷ್ಟು ದಿನವಾಯಿತು, ಪಕ್ಕದ ತೋಟದಲ್ಲಿ ಹೊಡೆದಿದ್ದಾರೆಯೇ ಎಂದು ಅವರು ಕೇಳುತ್ತಲೇ ಹೋದರು. ಅಪ್ಪಯ್ಯನನ್ನು ಅಷ್ಟು ಗೌರವದಿಂದ ಪ್ರಶ್ನೆ ಕೇಳಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಂಶೋಧನಾ ಪ್ರಬಂಧದ ಪ್ರತಿಗಳನ್ನು ನನ್ನನ್ನು ಕಳುಹಿಸಿಕೊಟ್ಟ ಮೇಡಂಗೂ ರಸಾಯನಶಾಸ್ತ್ರದ ಅಧ್ಯಾಪಕರಿಗೂ ಅಂಚೆಗೆ ಹಾಕಿದ್ದೇನೆ. ಜೂನ್‌ನಲ್ಲಿ ಊರಿಗೆ ಬಂದು ಬ್ಯಾಂಕಿನವರಿಗೂ ಒಂದು ಕೊಡುತ್ತೇನೆ. ಈ ವರ್ಷ ಯಾರಾದರೂ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದರೆ ಸಂಕೋಚವಿಲ್ಲದೆ ನನಗೆ ಕಳುಹಿಸಿ. ಹುಬ್ಬಳ್ಳಿಯ ಅಕ್ಕ ನನ್ನದನ್ನು ಓದಿದ ಹಾಗೆಯೇ ಕೂತು ಓದುತ್ತೇನೆ.