ಕೈತೋಟದ ಪ್ರಚಾರದ ಜೊತೆಗೆ ವಿಷದ ಎಚ್ಚರಿಕೆಯೂ ಇರಲಿ

ಮಾನ್ಯ ಸಂಪಾದಕರಿಗೆ,

ಅಂಗನವಾಡಿ ಮತ್ತು ಶಾಲೆಗಳ ಆವರಣದಲ್ಲಿ ಪೌಷ್ಟಿಕ ಕೈತೋಟ ಬೆಳೆಸುವ ಬಗ್ಗೆ, ಮನೆಯ ಹಿತ್ತಲಿನಲ್ಲೇ ನಾಲ್ಕು ಮಡಿ ಸೊಪ್ಪು ಮಾಡಿಕೊಳ್ಳುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಆಗಾಗ ಬರುವ ಲೇಖನಗಳನ್ನು ಓದುತ್ತಿರುತ್ತೇನೆ. ಹೆಣ್ಣುಮಕ್ಕಳ ರಕ್ತಹೀನತೆ ಮತ್ತು ಎಳೆಯರ ಅಪೌಷ್ಟಿಕತೆ ಬಹುಕಾಲದಿಂದ ಕಾಡುತ್ತಿರುವ ನಮ್ಮ ರಾಯಚೂರು ಜಿಲ್ಲೆಗೆ ಇದು ಬೇಕಾದ ಕೆಲಸವೇ. ಆದರೆ ಈ ಬರಹಗಳಲ್ಲಾಗಲಿ, ಇಲಾಖೆಗಳು ಹಂಚುವ ಕರಪತ್ರಗಳಲ್ಲಾಗಲಿ, ಏನನ್ನು ನೆಡಬೇಕೆಂಬ ವಿವರವಿರುತ್ತದೆಯೇ ಹೊರತು, ಯಾವುದನ್ನು ಮಕ್ಕಳ ಕೈಗೆ ಸಿಗದಂತೆ ದೂರವಿಡಬೇಕು, ಯಾವ ನೀರು ಹಾಕಬಾರದು, ಯಾವ ಔಷಧವನ್ನು ಹಿತ್ತಲಿನೊಳಕ್ಕೆ ತರಲೇಬಾರದು ಎಂಬ ಮಾತು ಕಾಣಸಿಗುವುದು ಅಪರೂಪ. ಆ ಕೊರತೆಯ ಬಗ್ಗೆಯೇ ಈ ಪತ್ರ.

ಕಳೆದ ಹಂಗಾಮಿನಲ್ಲಿ ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ, ಅಂದರೆ ಹೊರಗಿನಿಂದ ಬಂದವರು ನೆಲೆಸಿದ ಊರಿನಲ್ಲಿ, ಅಚ್ಚುಕಟ್ಟಾಗಿ ಬೆಳೆಸಿದ ಒಂದು ಹಿತ್ತಲನ್ನು ನೋಡಿದೆ. ಪುಂಡಿ, ರಾಜಗಿರಿ, ಹಂದರದ ಮೇಲೆ ಹೀರೇಬಳ್ಳಿ, ಬದಿಗೆ ಬದನೆ. ಗೋಡೆಯ ಬುಡದಲ್ಲಿ ಐದು ಲೀಟರಿನ ಬಿಳಿ ಕ್ಯಾನೊಂದನ್ನು ಅರ್ಧಕ್ಕೆ ಕೊಯ್ದು, ಮಣ್ಣು ತುಂಬಿ, ಕೊತ್ತಂಬರಿ ಬಿತ್ತಿದ್ದರು. ಕ್ಯಾನಿನ ಚೀಟಿ ಮುಕ್ಕಾಲು ಕಿತ್ತುಹೋಗಿತ್ತಾದರೂ, ವಜ್ರಾಕಾರದ ಗುರುತಿನ ಕೆಳಗಿನ ಕೆಂಪು ಬಣ್ಣ ಮಾತ್ರ ನಿಚ್ಚಳವಾಗಿ ಉಳಿದಿತ್ತು. ಅಂಥದೇ ಇನ್ನೊಂದು ಕ್ಯಾನಿಗೆ ತಂತಿಯ ಹಿಡಿಕೆ ಕಟ್ಟಿ, ಡ್ರಮ್ಮಿನಿಂದ ನೀರು ಮೊಗೆಯಲು ಇಟ್ಟುಕೊಂಡಿದ್ದರು. ಕೀಟನಾಶಕದ ಚೀಟಿಯ ಮೇಲಿನ ಬಣ್ಣಗಳಲ್ಲಿ ಕೆಂಪು ಅತಿ ಹೆಚ್ಚಿನ ವಿಷದ ಗುರುತು. ಹಳದಿ, ನೀಲಿ, ಹಸಿರು ಅದರಿಂದ ಕ್ರಮವಾಗಿ ಕೆಳಗಿನವು. ಇಷ್ಟನ್ನು ಓದುಬಾರದವರೂ ಬಣ್ಣ ನೋಡಿಯೇ ತಿಳಿಯಲೆಂದು ಮಾಡಿದ ವ್ಯವಸ್ಥೆ ಇದು, ಆದರೆ ಆ ಬಣ್ಣದ ಅರ್ಥವನ್ನು ಮನೆಯ ಹೆಂಗಸರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಭತ್ತ ಮತ್ತು ಹತ್ತಿಯ ನಾಡಾದ ಸಿಂಧನೂರು, ಮಾನ್ವಿ, ದೇವದುರ್ಗಗಳಲ್ಲಿ ಖಾಲಿ ಕ್ಯಾನು ಕಾಸಿಲ್ಲದೆ ಸಿಗುವ ವಸ್ತು. ನೋಡಲು ಗಟ್ಟಿ, ಮುಚ್ಚಳ ಭದ್ರ, ಬಿಸಾಡಲು ಮನಸ್ಸಾಗುವುದಿಲ್ಲ. ಆದರೆ ಪ್ಲಾಸ್ಟಿಕ್ಕಿಗೆ ಅಂಟಿದ ಕೀಟನಾಶಕ ಒಂದೆರಡು ಸಲ ತೊಳೆದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. 1971ರ ಕೀಟನಾಶಕ ನಿಯಮಗಳು, ಖಾಲಿ ಡಬ್ಬಿಗಳನ್ನು ಮರುಬಳಕೆಗೆ ಸಿಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು ಹೇಳಿ ಅರ್ಧ ಶತಮಾನವೇ ದಾಟಿದೆ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತ ಸುದ್ದಿ ಓದುಗರಿಗೆ ನೆನಪಿರಬಹುದು. ಆ ಅಡುಗೆಯ ಎಣ್ಣೆಯಲ್ಲಿ ಇದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ದರೆಂಬ ಮಾತು ತನಿಖೆಯ ವೇಳೆ ಕೇಳಿಬಂದಿತ್ತು.

ಕ್ಯಾನಿಗಿಂತ ಹೆಚ್ಚು ಚಿಂತೆಯ ವಿಷಯವೆಂದರೆ, ಹೊಲಕ್ಕೆ ಹೊಡೆದು ಉಳಿದ ಔಷಧವನ್ನು ಹಿತ್ತಲಿನ ಬದನೆಗೂ ಬೆಂಡೆಗೂ ಹೊಡೆದುಬಿಡುವ ರೂಢಿ. ಪಂಪಿನ ತಳದಲ್ಲಿ ಲೀಟರೋ ಎರಡು ಲೀಟರೋ ಉಳಿದಿರುತ್ತದೆ, ಚೆಲ್ಲಲು ಜೀವ ಒಪ್ಪುವುದಿಲ್ಲ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿದೆ. ನಿಷೇಧವಿಲ್ಲದ ಔಷಧಗಳಿಗೂ, ಹೊಡೆದ ಮೇಲೆ ಕಾಯಿ ಹರಿಯುವ ಮುನ್ನ ಇಂತಿಷ್ಟು ದಿನ ಕಾಯಬೇಕೆಂಬ ಅವಧಿ ಇರುತ್ತದೆ. ಅದು ಬೆಳೆಯಿಂದ ಬೆಳೆಗೆ, ಔಷಧದಿಂದ ಔಷಧಕ್ಕೆ ಬೇರೆ. ಹೊಲದ ಹತ್ತಿಯನ್ನು ಯಾರೂ ತಿನ್ನುವುದಿಲ್ಲ, ಭತ್ತದ ಕೊಯಿಲು ತಿಂಗಳುಗಟ್ಟಲೆ ದೂರವಿರುತ್ತದೆ. ಹಿತ್ತಲಿನ ಸಂಗತಿ ಹಾಗಲ್ಲ. ಆ ಮನೆಯ ತಾಯಿಯನ್ನು ವಿಚಾರಿಸಿದಾಗ, "ಹೊಡದ ದಿನ ಮಾತ್ರ ಹರಿಯಂಗಿಲ್ರೀ ಸರ್, ಮರುದಿನ ತೊಳದು ಪಲ್ಯ ಮಾಡ್ತೀವಿ" ಎಂದರು. ಹೀರೇಕಾಯಿ, ಬೆಂಡೆ, ಬದನೆಗಳನ್ನು ದಿನ ಬಿಟ್ಟು ದಿನ ಹರಿಯದಿದ್ದರೆ ಬಲಿತುಹೋಗುತ್ತವೆ. ಹೀಗಾಗಿ ಹಿತ್ತಲಿನಲ್ಲಿ ಕಾಯುವ ಅವಧಿ ಎಂಬುದನ್ನು ಪಾಲಿಸುವುದೇ ಆಗದ ಮಾತು, ಮತ್ತು ಇದೇ ಕಾರಣಕ್ಕೆ ಹೊಲದ ಔಷಧ ಹಿತ್ತಲಿಗೆ ಬರಲೇಕೂಡದು. ಗಿಡದ ರಸದೊಳಗೆ ಇಳಿದು ಹರಡುವ ಜಾತಿಯ ಔಷಧವಾದರೆ ತೊಳೆಯುವುದೂ ಪ್ರಯೋಜನಕ್ಕೆ ಬರುವುದಿಲ್ಲ.

ಹುಳ ಬಿದ್ದರೆ ಏನು ಮಾಡಬೇಕೆಂದರೆ, ಒಂದು ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಹಾಕಿ, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆ ಹೊತ್ತು ಸಿಂಪಡಿಸಬಹುದು. ಬೇವಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಗಿಡಮೂಲದ್ದೆಲ್ಲ ನಿರಪಾಯವೆಂದು ಈಚೆಗೆ ಹಬ್ಬಿರುವ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುವ ವಿಷ. ಔಡಲ ಬೀಜದ ರೈಸಿನ್ ಎಂಬ ವಿಷ ಎಣ್ಣೆಗೆ ಇಳಿಯದೆ ಹಿಂಡಿಯಲ್ಲೇ ಉಳಿಯುವುದರಿಂದ, ಸರಿಯಾಗಿ ಕಾಯಿಸದ ಔಡಲ ಹಿಂಡಿಯನ್ನು ಗೊಬ್ಬರವೆಂದು ಗಿಡದ ಬುಡಕ್ಕೆ ಚೆಲ್ಲಿದಾಗ ಅದನ್ನು ತಿಂದ ನಾಯಿಗಳು ಸಾಯುವುದುಂಟು. ಹಾಕುವುದಾದರೆ ಮಣ್ಣಿನಲ್ಲಿ ಚೆನ್ನಾಗಿ ಮುಚ್ಚಬೇಕು.

ಇನ್ನು ಗಿಡಗಳ ವಿಷಯ. ನಮ್ಮ ಬಿಸಿಲಿಗೆ ಬಗ್ಗದ, ದನ ಮೇಯದ, ನೀರು ಕೇಳದ ಗಿಡಗಳೆಂದರೆ ಕಣಗಿಲೆ, ಹಳದಿ ಕಣಗಿಲೆ, ಕಾಡು ಔಡಲ ಮತ್ತು ಎಕ್ಕಿ. ದನ ಏಕೆ ಮೇಯುವುದಿಲ್ಲವೆಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷ ಹೊಂದಿವೆ. ಹಳದಿ ಕಣಗಿಲೆಯ ಬೀಜವಂತೂ ಇನ್ನೂ ಭಯಂಕರ. ಇದು ಪೂಜೆಯ ಹೂವಾದ್ದರಿಂದ ಹಿತ್ತಲಿನಿಂದ ಕಿತ್ತೊಗೆಯಿರೆಂದು ನಾನು ಹೇಳಲಾರೆ. ಆದರೆ ದೇವರಿಗೆ ಏರಿಸಿದ್ದು ನೈವೇದ್ಯದ ತಟ್ಟೆಗೆ ಬೀಳಬಾರದು. ಕೇರಳದಲ್ಲಿ ಕಣಗಿಲೆಯ ಎಲೆ ಅಗಿದ ಯುವತಿಯೊಬ್ಬರ ಸಾವಿನ ಬಳಿಕ 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ನೈವೇದ್ಯ ಮತ್ತು ಪ್ರಸಾದದಲ್ಲಿ ಅದರ ಹೂವಿನ ಬಳಕೆಯನ್ನು ನಿಲ್ಲಿಸಿತು. ನಮ್ಮ ದೇವಸ್ಥಾನಗಳೂ ಇಷ್ಟು ಮಾಡಬಹುದು. ಸವರಿದ ಕೊಂಬೆಗಳನ್ನು ಆಡುಕುರಿಗಳು ಓಡಾಡುವಲ್ಲಿ ಎಸೆಯುವುದೂ, ಒಲೆಗೆ ಹಾಕುವುದೂ ಸಲ್ಲದು.

ಕಾಡು ಔಡಲ, ಅಂದರೆ ಜಟ್ರೋಫಾ, ಒಂದು ಕಾಲಕ್ಕೆ ಜೈವಿಕ ಇಂಧನದ ಹುರುಪಿನಲ್ಲಿ ಸರ್ಕಾರವೇ ಹಂಚಿ ನೆಡಿಸಿದ ಗಿಡ. ಇಂಧನ ಬಂದದ್ದು ಅಷ್ಟಕ್ಕಷ್ಟೆ, ಬೇಲಿ ಮಾತ್ರ ಉಳಿಯಿತು, ಕೆಲವೆಡೆ ಶಾಲೆಯ ಬೇಲಿಯಾಗಿಯೂ ಉಳಿಯಿತು. ಇದರ ಬೀಜ ಬಾಯಿಗೆ ಶೇಂಗಾದಂತೆ ರುಚಿಸುವುದೇ ಅಪಾಯ: ಒಬ್ಬ ಹುಡುಗ ತಿಂದು ಚೆನ್ನಾಗಿದೆ ಎಂದರೆ ಹತ್ತು ಹುಡುಗರು ತಿನ್ನುತ್ತಾರೆ, ತಾಸೆರಡು ತಾಸಿನಲ್ಲಿ ವಾಂತಿಭೇದಿ ಹಿಡಿದು ಇಡೀ ತರಗತಿ ಆಸ್ಪತ್ರೆ ಸೇರುತ್ತದೆ. ದೇಶದ ನಾನಾ ಕಡೆಗಳಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಶಾಲೆ ಮತ್ತು ಅಂಗನವಾಡಿ ಆವರಣದ ಮಟ್ಟಿಗೆ ಈ ಗಿಡ ಬೇಡವೇ ಬೇಡ. ಅಳಗುಳಿಮನೆಗೆ ಬಳಸುವ ಗುಲಗಂಜಿಯ ಬೀಜವನ್ನು ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಬಹುಮಟ್ಟಿಗೆ ಹಾಗೆಯೇ ಹೊರಬೀಳುತ್ತದೆ, ಅಗಿದರೆ ಪ್ರಾಣಕ್ಕೆ ಸಂಚಕಾರ. ಎಕ್ಕಿಯ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ (ಕಾರ್ನಿಯಾ) ಹಾನಿಯಾಗುತ್ತದೆ. ಶನಿವಾರ ಹನುಮಪ್ಪನಿಗೆ ಎಲೆ ಕೀಳುವವರು ಕೈ ತೊಳೆಯುವವರೆಗೆ ಕಣ್ಣು ಮುಟ್ಟಿಕೊಳ್ಳಬಾರದು.

ದತ್ತೂರಿಯನ್ನು ಯಾರೂ ಬೇಕೆಂದು ನೆಡುವುದಿಲ್ಲ, ತಿಪ್ಪೆಗೊಬ್ಬರದ ಜೊತೆ ತಾನಾಗಿ ಬರುತ್ತದೆ. ಎಳೆಯ ಸಸಿ ಸೊಪ್ಪಿನ ಮಡಿಯಲ್ಲಿದ್ದರೆ, ಬೆರಕೆ ಸೊಪ್ಪು ಕೊಯ್ಯುವ ಕೈಗೆ ಅದೂ ಬಂದುಬಿಡಬಹುದು. ಬಾಯಿ ಒಣಗುವುದು, ಮುಖ ಕೆಂಪೇರುವುದು, ಕಣ್ಣಿನ ಪಾಪೆ ಅಗಲವಾಗುವುದು, ಯಾರ ಗುರುತೂ ಸಿಗದೆ ಬಡಬಡಿಸುವುದು ಇದರ ಲಕ್ಷಣ. ಇಲ್ಲಿ ಒಂದು ವಿಚಿತ್ರವಿದೆ. ದತ್ತೂರಿಯಲ್ಲಿರುವ ವಿಷಗಳಲ್ಲಿ ಒಂದಾದ ಅಟ್ರೋಪಿನ್ನನ್ನೇ ವೈದ್ಯರು ಮೊನೊಕ್ರೊಟೊಫಾಸ್‌ನಂಥ ಕೀಟನಾಶಕ ಸೇವಿಸಿದವರಿಗೆ ಪ್ರತಿವಿಷವಾಗಿ ಕೊಡುತ್ತಾರೆ. ಕೀಟನಾಶಕದಿಂದ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ದತ್ತೂರಿಯಿಂದ ಹಿಗ್ಗುತ್ತದೆ; ಒಂದಕ್ಕೆ ಮದ್ದಾದದ್ದು ಇನ್ನೊಂದರಲ್ಲಿ ವಿಷವನ್ನು ಹೆಚ್ಚಿಸುತ್ತದೆ. ಆದ್ದರಿಂದ ರೋಗಿಯೊಂದಿಗೆ ತಿಂದ ಗಿಡದ ಟೊಂಗೆಯನ್ನೋ ಕುಡಿದ ಡಬ್ಬಿಯನ್ನೋ ಆಸ್ಪತ್ರೆಗೆ ಒಯ್ಯಬೇಕು. ಉಪ್ಪುನೀರು, ಸಾಬೂನುನೀರು ಕುಡಿಸಿ ವಾಂತಿ ಮಾಡಿಸುವ ಹಳ್ಳಿಯ ಚಿಕಿತ್ಸೆಯಿಂದ ವಾಂತಿ ಉಸಿರಿನ ನಾಳಕ್ಕೆ ಹೋಗಿ ಹೆಚ್ಚಿನ ಅನಾಹುತವಾಗಬಹುದು. ಆ ಹೊತ್ತನ್ನು 108ಕ್ಕೆ ಕರೆ ಮಾಡಲು ಬಳಸುವುದು ಒಳ್ಳೆಯದು.

ಊರೊಳಗೆ ಟೆಂಪೋದಲ್ಲಿ ಕುಂಡ ತಂದು ಮಾರುವವರು ಅಗಲ ಎಲೆಯ ಡೈಫೆನ್‌ಬಾಕಿಯಾ ಗಿಡವನ್ನು ಗಾಳಿ ಶುದ್ಧ ಮಾಡುವುದೆಂದು ಹೊಗಳಿ ಕೊಡುತ್ತಾರೆ. ಅದರ ಎಲೆ ಕಡಿದ ಮಗುವಿನ ನಾಲಿಗೆ, ಗಂಟಲು ಊದಿ ಮಾತು ನಿಲ್ಲುವಷ್ಟು ಉರಿಯಾಗುತ್ತದೆಂಬುದನ್ನು ಹೇಳುವುದಿಲ್ಲ. ಬಹುಶಃ ಅವರಿಗೂ ಗೊತ್ತಿರಲಾರದು.

ತಿನ್ನುವ ತರಕಾರಿಯಲ್ಲೂ ಒಂದನ್ನು ಹೇಳಬೇಕು. ಹಿತ್ತಲಿನ ಸೋರೆಕಾಯಿ ಕೆಲವೊಮ್ಮೆ ಕಡುಕಹಿಯಾಗುತ್ತದೆ. ಆ ಕಹಿಯೇ ವಿಷ, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಆರೋಗ್ಯಕ್ಕೆ ಒಳ್ಳೆಯದೆಂದು ಮೂಗು ಹಿಡಿದು ಕುಡಿದವರು ರಕ್ತವಾಂತಿಯಾಗಿ ಸತ್ತ ಪ್ರಕರಣಗಳ ಬಳಿಕ, ಅದನ್ನು ಕುಡಿಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೇ ಎಚ್ಚರಿಸಿತು. ತುದಿಯ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡುವ ಹಿಂದಿನವರ ಅಭ್ಯಾಸ ಇದಕ್ಕೆ ಸಾಕು.

ಕಡೆಯದಾಗಿ ನೀರು ಮತ್ತು ಮಣ್ಣು. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ; ಹಟ್ಟಿ–ಮಸ್ಕಿ ಪಟ್ಟಿಯ ಶಿಲೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಇರುವುದರಿಂದ ಆ ಭಾಗದ ಅಂತರ್ಜಲದಲ್ಲೂ ಅದು ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂಬುದು ಭಾರತೀಯ ಮಾನಕ. ಕುಡಿಯಲು ಶುದ್ಧ ನೀರಿನ ಘಟಕದ ನೀರು ತರುವ ಮನೆಗಳೇ ಸೊಪ್ಪಿಗೆ ಅದೇ ಹಳೆಯ ಕೊಳವೆಬಾವಿಯ ನೀರು ಬಿಡುತ್ತವೆ. ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಪೋಲು ಮಾಡಬಾರದೆಂಬ ಸದುದ್ದೇಶದಿಂದ ಗಿಡಕ್ಕೆ ಹಾಕುವವರಿದ್ದಾರೆ. ಯಂತ್ರ ತೆಗೆದ ಉಪ್ಪು, ಫ್ಲೋರೈಡ್ ಎಲ್ಲವೂ ಒತ್ತಾಗಿ ಸೇರಿರುವುದು ಆ ನೀರಿನಲ್ಲೇ. ಅಂಗಳ ತೊಳೆಯಲು ಬಳಸಲಿ, ಸೊಪ್ಪಿನ ಮಡಿಗೆ ಬೇಡ. ಚರಂಡಿ ನೀರಿನಲ್ಲಿ ಬೆಳೆದ ಕೊತ್ತಂಬರಿಯಲ್ಲಿ ಜಂತುವಿನ ಮೊಟ್ಟೆಗಳಿರುತ್ತವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಕಲ್ಲಿದ್ದಲಿನ ಹಾರುಬೂದಿಯಲ್ಲಿ ಸ್ವಲ್ಪ ಪ್ರಮಾಣದಲ್ಲಾದರೂ ಆರ್ಸೆನಿಕ್, ಸೀಸ ಇರುವುದರಿಂದ, ಬೂದಿ ತುಂಬಿ ಎತ್ತರಿಸಿದ ನಿವೇಶನಗಳಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಸೊಪ್ಪು ಬೆಳೆಯುವುದು ಸರಿಯಲ್ಲ. ಹಳೆಯ ಪೇಂಟ್ ಡಬ್ಬಿಗಳೂ ಕುಂಡಕ್ಕೆ ಯೋಗ್ಯವಲ್ಲ.

ಇವೆಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದು ನ್ಯಾಯವಲ್ಲವಾದ್ದರಿಂದ, ತಮ್ಮ ಪತ್ರಿಕೆಯ ಮೂಲಕ ಕೆಲವು ಬೇಡಿಕೆಗಳನ್ನು ಮುಂದಿಡುತ್ತೇನೆ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು ಮೊದಲು ತಾವು ಮಾರುವ ಇಂಥ ವಿಷದ ಗಿಡಗಳಿಗೆ, ಆಮೇಲೆ ಖಾಸಗಿ ನರ್ಸರಿಗಳಿಂದಲೂ, "ಮಕ್ಕಳು ಮತ್ತು ಜಾನುವಾರುಗಳಿಗೆ ವಿಷ" ಎಂಬ ಕನ್ನಡದ ಚೀಟಿ ಹಾಕಿಸಲಿ. ಪೌಷ್ಟಿಕ ಕೈತೋಟಕ್ಕೆ ಬೀಜದ ಪೊಟ್ಟಣ ಕೊಡುವ ಮುನ್ನ ಆ ಆವರಣದ ಬೇಲಿಯಲ್ಲಿ ಏನಿದೆ, ನೀರು ಎಲ್ಲಿಯದು ಎಂದು ಒಬ್ಬರು ಹೋಗಿ ನೋಡಿಬರಲಿ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ಪತ್ತೆಹಚ್ಚುವ ಪ್ರಯೋಗಾಲಯವೇ ಇದೆ. ಹಿತ್ತಲಿನ ಸೊಪ್ಪಿನ ಮಾದರಿಗಳನ್ನು ಹೋಬಳಿಗಿಷ್ಟು ಎಂದು ಅಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿದರೆ ಹತ್ತು ಭಾಷಣಗಳಿಗಿಂತ ಹೆಚ್ಚು ಕೆಲಸವಾಗುತ್ತದೆ. ಖಾಲಿ ಕ್ಯಾನುಗಳನ್ನು ರೈತ ಸಂಪರ್ಕ ಕೇಂದ್ರಗಳಲ್ಲಿ ವಾಪಸು ಪಡೆಯುವ ಏರ್ಪಾಡು ಆಗಬೇಕು, ತಂದುಕೊಟ್ಟವರಿಗೆ ಅಲ್ಪಸ್ವಲ್ಪ ಹಣವನ್ನೂ ಕೊಡಬೇಕು. ಗುಜರಿಯವನು ಕೊಡುವಷ್ಟನ್ನಾದರೂ ಕೊಡದಿದ್ದರೆ ಯಾರೂ ತರುವುದಿಲ್ಲ. ಕಾಲುವೆಗೆ ನೀರು ಬಿಟ್ಟು ಭತ್ತಕ್ಕೆ ಸಿಂಪಡಣೆ ಶುರುವಾಗುವುದರೊಳಗೆ ಈ ಕೊನೆಯ ಏರ್ಪಾಡನ್ನಾದರೂ ಜಿಲ್ಲಾಡಳಿತ ಮಾಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಸಿಂಧನೂರು, ರಾಯಚೂರು ಜಿಲ್ಲೆ