ಅರ್ಧಕ್ಕೆ ನಿಲ್ಲಿಸಿದ ಸಿನಿಮಾ ‘ಯಶಸ್ವಿ’ ಹೇಗಾಯಿತು?

ಸಂಪಾದಕರೇ,

ನಮ್ಮೂರ ಸರ್ಕಾರಿ ಸಭಾಂಗಣದಲ್ಲಿ ಭಾನುವಾರ ನಡೆದ ಜಪಾನಿ ಸಿನಿಮಾ ಪ್ರದರ್ಶನದ ವರದಿ ಸೋಮವಾರದ ಪತ್ರಿಕೆಯಲ್ಲಿ ಓದಿದೆ. ‘ಯಶಸ್ವಿ ಪ್ರದರ್ಶನ’ ಎಂದು ಬರೆದಿದ್ದೀರಿ. ದೀಪ ಬೆಳಗಿದವರ ಫೋಟೊ ದೊಡ್ಡದಾಗಿ ಹಾಕಿದ್ದೀರಿ. ಸಿನಿಮಾ ಪೂರ್ತಿ ತೋರಿಸಲೇ ಇಲ್ಲ ಅನ್ನುವ ಒಂದು ಸಾಲು ಎಲ್ಲೂ ಇಲ್ಲ. ನಿಮ್ಮ ವರದಿಗಾರರು ಭಾಷಣ ಮುಗಿದ ಕೂಡಲೇ ಎದ್ದು ಹೋಗಿರಬೇಕು. ನಾನು ಕೊನೆತನಕ ಕೂತಿದ್ದೆ.

ಐದೂವರೆಗೆ ಶುರು ಅಂತ ಹೇಳಿದ್ದರು. ಮಂಡಿ ನೋವು ಇಟ್ಟುಕೊಂಡು ಎರಡು ಬಸ್ ಹಿಡಿದು ಐದು ಗಂಟೆಗೇ ಹೋದೆ. ಅತಿಥಿಗಳು ಬಂದದ್ದು ಆರೂಕಾಲಿಗೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಮೂರು ಭಾಷಣ. ಒಬ್ಬರೂ ಸಿನಿಮಾ ಬಗ್ಗೆ ಮಾತಾಡಲಿಲ್ಲ. ಏಳು ದಾಟಿದ ಮೇಲೆ ಸಿನಿಮಾ ಹಾಕಿದರು. ಎಂಟೂಮುಕ್ಕಾಲಿಗೆ ಸಿಬ್ಬಂದಿ ಬಂದು ಲೈಟ್ ಹಾಕಿ ‘ಟೈಮ್ ಆಯ್ತು, ಹೊರಡಿ’ ಎಂದರು. 124 ನಿಮಿಷದ ಸಿನಿಮಾ ಅದು. ಅಷ್ಟು ಲೆಕ್ಕ ಹಾಕುವವರು ಒಬ್ಬರೂ ಇರಲಿಲ್ಲವೇ? ಬಸ್ ತಪ್ಪಿತು, ಆಟೋಗೆ 180 ರೂಪಾಯಿ ಕೊಟ್ಟೆ.

ದುಡ್ಡು ಹೋಗಲಿ ಬಿಡಿ. ನಿಲ್ಲಿಸಿದ್ದು ಎಲ್ಲಿ ಅಂತ ನೋಡಿ. ಜಪಾನಿನ ನಿರ್ದೇಶಕ ಕೊರೆ-ಎಡ ಅವರ 2017ರ ‘ದಿ ಥರ್ಡ್ ಮರ್ಡರ್’ ಅದು. ಮಾಲೀಕನನ್ನು ಕೊಂದು ಸುಟ್ಟೆ ಅಂತ ಮೊದಲೇ ಒಪ್ಪಿಕೊಂಡಿರುವ ಮಿಸುಮಿ, ‘ನಾನು ಕೊಂದೇ ಇಲ್ಲ’ ಅಂತ ಮಾತು ಬದಲಿಸುತ್ತಾನೆ. ಸರಿಯಾಗಿ ಅಲ್ಲಿಗೇ ಲೈಟ್ ಹಾಕಿದರು!

ನಾನು ಕೋರ್ಟಿನಲ್ಲಿ 31 ವರ್ಷ ಬೆಂಚ್ ಕ್ಲರ್ಕ್ ಆಗಿದ್ದವನು. ಉಳಿದದ್ದನ್ನು ರಾತ್ರಿ ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿ ನಿದ್ದೆ ಬರಲಿಲ್ಲ. ಆರೋಪಿ ಮಾತು ಬದಲಿಸಿದ ಮೇಲೆ ವಿಚಾರಣೆ ಮೊದಲಿಂದ ಆಗಬೇಕು, ಅಲ್ವಾ? ಆಗುವುದಿಲ್ಲ. ಜಡ್ಜ್, ಸರ್ಕಾರಿ ವಕೀಲರು, ಆರೋಪಿ ಕಡೆಯ ವಕೀಲರು ಒಂದು ಕೋಣೆಯಲ್ಲಿ ಕೂತು, ಹೆಚ್ಚು ಮಾತೂ ಇಲ್ಲದೆ, ಈಗಿರುವ ಹಾಗೇ ಮುಗಿಸೋಣ ಅಂತ ಒಪ್ಪಿಬಿಡುತ್ತಾರೆ. ಕೊಲೆಯಾದವನ ಮಗಳು ಸಾಕಿಯೆ ಕಟಕಟೆಯಲ್ಲಿ ನಿಂತು ಹೇಳಬಾರದ ಸಂಕಟ ಹೇಳಿಕೊಳ್ಳುವುದು ತಪ್ಪಲಿ ಅಂತ ಮಿಸುಮಿ ಸುಳ್ಳು ಹೇಳಿದನೋ, ನಿಜ ಹೇಳಿದನೋ, ಯಾರಿಗೂ ಬೇಕಿಲ್ಲ. ಗಲ್ಲು ಶಿಕ್ಷೆ ಆಗುತ್ತದೆ. ಆಮೇಲೆ ಜೈಲಿನ ಗಾಜಿನ ಆಚೆ ಈಚೆ ಕೂತ ಆರೋಪಿಯ ಮುಖವೂ ವಕೀಲ ಶಿಗೆಮೊರಿಯ ಮುಖವೂ ಒಂದರ ಮೇಲೊಂದು ಬಂದು ಸೇರುತ್ತವೆ. ಇಡೀ ಸಿನಿಮಾ ಇರುವುದೇ ಅಲ್ಲಿ. ನಮ್ಮೂರಿನವರು ನೋಡದೇ ಹೋದದ್ದು ಅದನ್ನೇ. ನೀವು ಅದನ್ನು ‘ರೋಚಕ ಪತ್ತೇದಾರಿ ಚಿತ್ರ’ ಎಂದು ಬರೆದಿದ್ದೀರಿ. ಕೊಂದವನು ಯಾರು ಅಂತ ಕೊನೆಗೂ ಹೇಳದ ಸಿನಿಮಾ ಸ್ವಾಮಿ ಅದು!

ಇದು ಸುಮ್ನೆ ಕಟ್ಟಿದ ಕಥೆ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಕೇಸು ಕೋರ್ಟಿಗೆ ಹೋದರೆ ನೂರಕ್ಕೆ 99ಕ್ಕಿಂತ ಜಾಸ್ತಿ ಶಿಕ್ಷೆಯೇ. ಇವಾವೊ ಹಕಮಾಡ ಅನ್ನುವವರಿಗೆ 1968ರಲ್ಲಿ ಗಲ್ಲು ಶಿಕ್ಷೆ ವಿಧಿಸಿದರು. ಜೈಲಿನಿಂದ ಬಿಟ್ಟದ್ದು 2014ರಲ್ಲಿ. ನಿರಪರಾಧಿ ಅಂತ ತೀರ್ಪು ಬಂದದ್ದು 2024ರಲ್ಲಿ, 88ನೇ ವಯಸ್ಸಿನಲ್ಲಿ. ಇಂಥ ವಿಷಯ ನಮ್ಮ ಹುಡುಗರಿಗೆ ಗೊತ್ತಾಗಲಿ ಅಂತಲೇ ಪಕ್ಕದ ಮನೆಯ ಕಾನೂನು ಕಾಲೇಜಿನ ಇಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರ ಮುಖ ನೋಡಲಾಗಲಿಲ್ಲ.

ಈ ಸಭಾಂಗಣದ್ದು ಇದು ಹೊಸದೇನಲ್ಲ. ಹೋದ ವರ್ಷ ನಾಟಕದ ನಡುವೆ ಕರೆಂಟ್ ಹೋದಾಗ ಜನರೇಟರ್‌ಗೆ ಡೀಸೆಲ್ ಇರಲಿಲ್ಲ. ಹೆಂಗಸರ ಶೌಚಾಲಯಕ್ಕೆ ಯಾವಾಗಲೂ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಎರಡು ಸಲ ಅರ್ಜಿ ಕೊಟ್ಟೆ. ಸ್ವೀಕೃತಿ ಕೂಡ ಬರಲಿಲ್ಲ. ಎದುರಿನ ರಸ್ತೆಯ ಬೀದಿದೀಪ ಕೆಟ್ಟು ನಾಲ್ಕು ತಿಂಗಳಾಯಿತು. ಅವತ್ತು ಕತ್ತಲಲ್ಲಿ ಎಡವಿದೆ.

ಆ ಸಿನಿಮಾವನ್ನು ಇನ್ನೊಂದು ದಿನ ಪೂರ್ತಿ ತೋರಿಸಲಿ. ಆಗದಿದ್ದರೆ ಇಂಥ ಕಾರ್ಯಕ್ರಮ ಇಟ್ಟುಕೊಳ್ಳಲೇಬೇಡಿ. ದೀಪ ಬೆಳಗಲೇಬೇಕು ಅಂತಿದ್ದರೆ ಸಿನಿಮಾ ಮುಗಿದ ಮೇಲೆ ಬೆಳಗಿ, ಯಾರು ಬೇಡ ಅಂದರು? ನೀವೂ ಅಷ್ಟೇ, ಬರೆಯುವ ಮೊದಲು ಕೂತು ನೋಡಿ. ಒಂದೂವರೆ ಗಂಟೆಗೂ ಹೆಚ್ಚು ಸಮಯ ಭಾಷಣಕ್ಕೂ ಕಾಯುವುದಕ್ಕೂ ಇತ್ತು, ಇಪ್ಪತ್ನಾಲ್ಕು ನಿಮಿಷ ಸಿನಿಮಾಕ್ಕೆ ಇರಲಿಲ್ಲ. ನಾಚಿಕೆ ಆಗಬೇಕು.

— ನಿವೃತ್ತ ಬೆಂಚ್ ಕ್ಲರ್ಕ್